ಬಾಂಡನ ಸೂಜಿ

ರೇಬೀಸ್ ಅಳಿಯಬೇಕಾದರೆ ಸೂಜಿ ಹಾಕಿಸಿಕೊಂಡ ನಾಯಿ ತನ್ನ ಜಾಗ ಬಿಡಬಾರದು. ಅದಕ್ಕೇ ನಗರದಲ್ಲಿ ಈ ಕಾನೂನು: ನಾಯಿಗೆ ಎಲ್ಲಿ ಚುಚ್ಚಿದರೋ ಅಲ್ಲಿಂದ ಅದು ಬೊಗಳುವುದು ಕೇಳುವಷ್ಟು ದೂರ ಏನನ್ನೂ ಕೆಡವುವಂತಿಲ್ಲ, ಕದಲಿಸುವಂತಿಲ್ಲ. ಮನುಷ್ಯರಿಗೆ ಇಂಥ ಕಾನೂನಿಲ್ಲ. ಕೇಳಿದವರಿಗೆ ಲಾಠಿ ಇದೆ.

ಬೆಳಿಗ್ಗೆ ಅಂಥೋಣಿಯಮ್ಮನ ಗುಡಿಸಲು ಕೆಡವಲು ಬುಲ್ಡೋಜರ್ ಬಂತು. ಅವಳ ನಾಯಿ ಬಾಂಡನಿಗೆ ಈ ವರ್ಷದ ಸೂಜಿ ಇನ್ನೂ ಆಗಿರಲಿಲ್ಲ, ಹಾಗಾಗಿ ಗುಡಿಸಲಿಗೆ ಕಾನೂನಿನ ಕಾವಲೂ ಇರಲಿಲ್ಲ. ಸೂಜಿ ಹಾಕುವ ನಸೀಮಾ ಓಡೋಡಿ ಬಂದಳು. ಅವಳನ್ನು ಕಂಡದ್ದೇ ಬಾಂಡ ಕಾಲಿಗೆ ಬುದ್ಧಿ ಹೇಳಿತು.

"ಲೋ, ಬುಲ್ಡೋಜರಿಗೆ ಹೆದರದವನು ಸೂಜಿಗೆ ಹೆದರ್ತೀಯಲ್ಲೋ!" ಎಂದು ಅಂಥೋಣಿಯಮ್ಮ ಕಿರುಚಿದಳು.

"ನಾಯಿ ಸಿಗ್ಲಿಲ್ಲ ಅಂದ್ರೆ ನಾವು ಶುರು ಮಾಡ್ತೀವಮ್ಮ," ಎಂದ ಅಧಿಕಾರಿ.

ಎತ್ತ ಓಡಿದರೂ ಜನ ಅಡ್ಡಗಟ್ಟಿದ್ದರಿಂದ ಬಾಂಡ ಬುಲ್ಡೋಜರಿನ ಬಕೆಟ್ಟಿನೊಳಗೇ ಹಾರಿ ಮುದುಡಿಕೊಂಡಿತು. ನಸೀಮಾ ಹಿಂದೆಯೇ ಹತ್ತಿ, ಚುಚ್ಚಿ, ಸೂಜಿ ಆದ ಗುರುತಿಗೆ ಅದರ ಹಣೆಗೆ ಹಸಿರು ಬಣ್ಣ ಬಳಿದಳು.

"ಇನ್ಮೇಲೆ ಈ ಬಕೆಟ್ಟೇ ಬಾಂಡನ ಮನೆ ಸಾರ್. ಅಲ್ಲಾಡಿಸಿದ್ರೆ ಜೈಲು!" ಎಂದಳು ನಸೀಮಾ.

ಕೇರಿಯೆಲ್ಲ ಶಿಳ್ಳೆ ಹೊಡೆಯಿತು. ಅಂಥೋಣಿಯಮ್ಮ ಆಗಲೇ ಬುಲ್ಡೋಜರಿನ ಕೈಗೆ ಹಗ್ಗ ಕಟ್ಟಿ ಒದ್ದೆ ಸೀರೆ ಹರವುತ್ತಿದ್ದಳು. ಚಾಲಕ ಕೆಳಗಿಳಿದು ಮೆಲ್ಲಗೆ ಕೇಳಿದ:

"ನಸೀಮಕ್ಕ, ನಾಳೆ ನಮ್ಮ ಕೇರೀಗೂ ಬರ್ತೀರಾ? ನಮ್ದೂ ಒಂದು ನಾಯಿ ಐತೆ."