ಎತ್ತಿ ಇಳಿಸುವ ಕೆಲಸ

ಬೀಗ ಹೊರಗಿತ್ತು. ಅಳು ಒಳಗಿತ್ತು.

ನರ್ಸ್ ಬಾಗಿಲನ್ನು ಎರಡು ಸಲ ಜಗ್ಗಿ ನೋಡಿದಳು. ಈ ಬೀದಿಗಳಿಗೆ ವರ್ಗವಾಗಿ ಬಂದು ಅವಳಿಗೆ ಮೂರೇ ದಿನ. ಯಾವ ಮಗುವಿಗೆ ಲಸಿಕೆ ಆಗಿದೆ, ಯಾವುದಕ್ಕೆ ಇಲ್ಲ ಎಂದು ಮನೆಮನೆ ಸುತ್ತಿ ವಿಚಾರಿಸುತ್ತಿದ್ದವಳು ಇಲ್ಲಿ ನಿಂತುಬಿಟ್ಟಳು. ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ಮೂರು ವರ್ಷದ ಹೆಣ್ಣುಮಗುವೊಂದು ಬಿಕ್ಕುತ್ತಿತ್ತು.

"ದಿನಾ ಇದೇ ಕತೆ," ಎಂದ ಎದುರು ಮನೆಯ ಟೈಲರಜ್ಜ, ಮಿಷನ್ ತುಳಿಯುವುದನ್ನು ನಿಲ್ಲಿಸದೆ. "ಅದರಮ್ಮ ಬೆಳಿಗ್ಗೆ ಏಳಕ್ಕೆ ಹೋದ್ರೆ ಸಂಜೆ ಆರೂವರೆಗೆ ಬರ್ತಾಳೆ. ಗಂಡ ಬಿಟ್ಟುಹೋಗಿ ವರ್ಷ ಆಯ್ತು. ಬೆಂಕಿಗಿಂಕಿ ಹತ್ತಿದ್ರೆ ಅಂತ ಒಂದು ಬೀಗದ ಕೈ ನನ್ನ ಹತ್ರ ಕೊಟ್ಟಿದಾಳೆ. ಈ ಮಂಡಿ ಇಟ್ಕೊಂಡು ಮಗು ಹಿಂದೆ ಓಡೋಕೆ ನನ್ನ ಕೈಲಿ ಆಗುತ್ತಾ, ಹೇಳಿ?"

ನರ್ಸ್ ಅವತ್ತಿನ ಸುತ್ತಾಟ ಮುಗಿಸಿ ಆರೂವರೆಗೆ ಮತ್ತೆ ಬಂದಳು. ತಾಯಿ ಆಗಷ್ಟೇ ಬೀಗ ತೆಗೆಯುತ್ತಿದ್ದಳು. ಅವಳ ಸೀರೆಯ ಹೆಗಲಲ್ಲಿ ಏನೋ ಬಿಳಿ ಕಲೆ ಒಣಗಿತ್ತು. ಮಗು ಎರಡೂ ಕೈ ಚಾಚಿತು. ಎತ್ತಿಕೊಳ್ಳಲು ಬಗ್ಗಿದವಳು ಸೊಂಟ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತೇಬಿಟ್ಟಳು. ಮಗುವೇ ಮಡಿಲೇರಿತು.

ನರ್ಸಿಗೆ ಪಿತ್ತ ನೆತ್ತಿಗೇರಿತು. "ಹೆತ್ತ ತಾಯೇನಮ್ಮಾ ನೀನು? ನಾಯಿಮರಿಯನ್ನೂ ಯಾರೂ ಹೀಗೆ ಕೂಡಿಹಾಕಲ್ಲ."

"ಹೌದು ಮೇಡಂ."

"ಎಂಥ ಕೆಲಸ ನಿಂದು?"

"ಎತ್ತಿ ಇಳಿಸೋದು. ಬೆಳಗಿಂದ ಸಂಜೆತನಕ ಎತ್ತೋದು, ಇಳಿಸೋದು."

ಯಾವುದೋ ಗೋದಾಮು ಎಂದುಕೊಂಡಳು ನರ್ಸ್. ದನಿ ಸ್ವಲ್ಪ ತಗ್ಗಿಸಿದಳು. "ನೋಡು, ಎರಡು ಬೀದಿ ಆಚೆ ಶಿಶುವಿಹಾರ ಇದೆಯಂತೆ. ದುಡಿಯೋ ತಾಯಂದಿರ ಮಕ್ಕಳಿಗೇ ಅಂತ ಸುತ್ತಲಿನವರು ಸೇರಿ ನಡೆಸ್ತಿದಾರೆ. ಪುಕ್ಕಟೆ. ಹಾಲು, ಬಿಸಿ ಊಟ, ಮಧ್ಯಾಹ್ನ ಮಲಗೋಕೆ ಹಾಸಿಗೆ."

"ಗೊತ್ತು ಮೇಡಂ. ಬರುವಾಗ ಕಡ್ಡಿ ಹಾಗೆ ಇರ್ತಾವೆ. ಮೂರು ತಿಂಗಳಿಗೆ ಕೆನ್ನೆ ತುಂಬ್ಕೋತಾವೆ. ನಿದ್ದೇಲಿ ಬೆಚ್ಚಿಬೀಳೋದು ನಿಲ್ಲುತ್ತೆ." ಹೇಳುವಾಗ ಅವಳ ಮುಖ ಒಂದು ಗಳಿಗೆ ಅರಳಿತು.

"ಮತ್ತೆ ಸೇರಿಸೋಕೆ ಏನು ದಾಡಿ?"

"ನನ್ನಿಂದ ಆಗಲ್ಲ."

"ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಬೇಡ ಅಂದ್ಯೋ, ದೂರು ಬರೀತೀನಿ. ಆಮೇಲೆ ಮಗೂನ ಎಲ್ಲಿಗೆ ಒಯ್ತಾರೋ ನನಗೆ ಗೊತ್ತಿಲ್ಲ."

ತಾಯಿ ಮಗುವಿನ ತಲೆ ಸವರುತ್ತ ಕೂತಳು. ಅದನ್ನು ನರ್ಸ್ ಒಪ್ಪಿಗೆ ಎಂದೇ ಎಣಿಸಿದಳು.

ಮರುದಿನ ಹತ್ತು ಗಂಟೆಗೆ ಟೈಲರಜ್ಜನಿಂದ ಬೀಗದ ಕೈ ಪಡೆದು, ಮಗುವಿನ ಮುಖ ತೊಳೆದು, ಕೈಹಿಡಿದು ನಡೆಸಿಕೊಂಡು ಹೋದಳು. ದಾರಿಯುದ್ದಕ್ಕೂ ಪುಟ್ಟಿ ಬೀದಿಯನ್ನು ಬಾಯಿಬಿಟ್ಟುಕೊಂಡು ನೋಡಿತು.

ಶಿಶುವಿಹಾರದ ಮೇಲ್ವಿಚಾರಕಿ ಒಳ್ಳೆಯ ಹೆಂಗಸು. ಮಗುವಿನ ಕೆನ್ನೆ ತಟ್ಟಿ ಅರ್ಜಿ ತೆಗೆದಳು.

"ಇಪ್ಪತ್ತೆರಡು ಮಕ್ಕಳಿದಾವೆ, ಆಯಾ ಒಬ್ಬಳೇ. ಆದ್ರೂ ಇದೊಂದನ್ನ ಸೇರಿಸ್ಕೋಬಹುದು. ಜ್ವರ ಇದ್ದಾಗ ಕಳಿಸಬಾರದು. ಆರರೊಳಗೆ ಕರ್ಕೊಂಡು ಹೋಗಬೇಕು. ಇಲ್ಲಿ ಕೆಲಸ ಮಾಡೋರ ಮಕ್ಕಳನ್ನ ಮಾತ್ರ ತಗೊಳ್ಳಲ್ಲ. ಹಿಂದೆ ಒಬ್ಬಳು ಮಿಕ್ಕ ಮಕ್ಕಳನ್ನ ಅಳೋಕೆ ಬಿಟ್ಟು ತನ್ನದನ್ನೇ ಎತ್ಕೊಂಡು ಕೂತಿರ್ತಿದ್ದಳು. ಕೆಲಸದಿಂದ ಬಿಡಿಸಬೇಕಾಯ್ತು, ಪಾಪ."

"ಅದು ನಮಗೆ ಸಂಬಂಧ ಇಲ್ಲ ಬಿಡಿ. ಇವಳ ತಾಯಿ ಗೋದಾಮಿನಲ್ಲಿದಾಳೆ."

"ತಾಯಿ ಹೆಸರು?"

ಅಷ್ಟರಲ್ಲಿ ನರ್ಸಿನ ಬೆನ್ನ ಹಿಂದೆ ಒಳಕೋಣೆಯ ಬಾಗಿಲು ತೆರೆಯಿತು. ಪುಟ್ಟಿ ಕೈ ಕೊಸರಿಕೊಂಡು ಓಡಿತು.

"ಅಮ್ಮಾ!"

ಮೇಲ್ವಿಚಾರಕಿ ತಲೆಯೆತ್ತದೆ ನಕ್ಕಳು. "ಎಲ್ಲವೂ ಹಾಗೇ. ಬಂದ ದಿನ ಯಾರನ್ನ ಕಂಡ್ರೂ ಅಮ್ಮ. ಹೆಸರು ಹೇಳಿ."

ನರ್ಸ್ ತಿರುಗಿ ನೋಡಿದಳು. ನಾಲಿಗೆಗೆ ಬಂದಿದ್ದ ಹೆಸರು ಅಲ್ಲೇ ಒಣಗಿತು.

ಹೆಗಲ ಮೇಲೊಂದು ಕೂಸು, ಸೊಂಟದಲ್ಲೊಂದು ಕೂಸು ಹೊತ್ತ ಆಯಾ ಅವಳನ್ನೇ ನೋಡುತ್ತಿದ್ದಳು, ಕಣ್ಣಲ್ಲೇ ಕೈಮುಗಿಯುವಂತೆ. ಆಮೇಲೆ ಮೆಲ್ಲನೆ ಬಗ್ಗಿ, ಸೀರೆಯ ನೆರಿಗೆ ಹಿಡಿದಿದ್ದ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಮ್ಮ ಅಲ್ಲ ಪುಟ್ಟೀ. ಆಯಾ ಅನ್ನು."