ಬೀಗ ಬಿದ್ದ ಕಟಿಂಗ್ ಶಾಪು

ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ದಾಕ್ಷಾಯಿಣಿ ಒಂದು ಹಳ್ಳಿಯಲ್ಲಿ ಮನೆಮನೆ ತಿರುಗಿ ಬರೆದ ಅಧ್ಯಯನದಿಂದಾಗಿ ಆ ಊರಿನ ಕಟಿಂಗ್ ಶಾಪು ದಲಿತ ಕೇರಿಯವರಿಗೂ ಬಾಗಿಲು ತೆರೆಯಿತೆಂದು ಎಲ್ಲರೂ ಹೊಗಳುತ್ತಿದ್ದರೆ, ಅದೇ ವಿಭಾಗದ ಹಿರಿಯ ಪ್ರಾಧ್ಯಾಪಕ ಶಶಿಶೇಖರರಿಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅಸ್ಪೃಶ್ಯತೆಯ ಬಗ್ಗೆ ಅವರು ಬರೆದ ದಪ್ಪ ದಪ್ಪ ಪುಸ್ತಕಗಳಿಂದ ಯಾವ ಬಾಗಿಲೂ ಅಲುಗಾಡಿರಲಿಲ್ಲ.

‘ಎಲ್ಲಾ ಫೋಟೋ ತೆಗೆಯೋವರೆಗೆ ಅಷ್ಟೇ’ ಎಂದು ಗೊಣಗುತ್ತಲೇ ವರ್ಷ ಕಳೆದರು. ಕೊನೆಗೆ ತಡೆಯಲಾರದೆ, ಯಾರಿಗೂ ಹೇಳದೆ ಆ ಊರಿನ ಬಸ್ಸು ಹತ್ತಿದರು.

ಶಾಪಿಗೆ ಬೀಗ ಬಿದ್ದಿತ್ತು. ಅವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೊಬೈಲಿನಲ್ಲಿ ಬೀಗದ ಫೋಟೋ ಹೊಡೆದುಕೊಂಡರು. ಮುಂದಿನ ಸೆಮಿನಾರಿನಲ್ಲಿ ಇದನ್ನು ತೋರಿಸಿದರೆ ಅವಳ ಮುಖ ಹೇಗೆ ಕಪ್ಪಿಟ್ಟೀತೆಂದು ನೆನೆದು ಒಳಗೊಳಗೇ ನಕ್ಕರು.

ಪಕ್ಕದ ಹೋಟೆಲಿನ ಜಗಲಿಯ ಮೇಲೆ ಒಬ್ಬ ಮುದುಕ ಕೂತಿದ್ದ.

“ಏನ್ ಯಜಮಾನ್ರೇ, ಕೇರಿಯವ್ರು ಬರೋಕೆ ಶುರು ಮಾಡಿದ್ಮೇಲೆ ಮುಚ್ಚೇಬಿಟ್ನಾ?”

“ಮುಚ್ಚಾಕೇನಾಗದೆ ಸ್ವಾಮಿ? ಇವತ್ತು ಕೇರೀಲಿ ಮದ್ವೆ. ಗಂಡಿಗೆ ಚೌರ ಮಾಡಕ್ಕೆ ಅವ್ರ ಮನೇಗೇ ಹೋಗವ್ನೆ. ಈ ಹೊತ್ಗೆ ಅಲ್ಲೇ ಊಟಕ್ಕೆ ಕೂತಿರ್ತಾನೆ.”