ಆರಕ್ಕೂ ಒಂದೇ ಕೂಗು

ಉಬ್ಬರದ ಕಡಲು ಬೀದಿಗೆ ಬರಲು ಇನ್ನು ಇಪ್ಪತ್ತು ನಿಮಿಷವಿತ್ತು. ಅಷ್ಟರೊಳಗೆ ಬಂದರು ಬೀದಿಯ ಹನ್ನೊಂದು ಮನೆಗಳೂ ಎಂದಿನಂತೆ ಅಯಸ್ಕಾಂತದ ಬಲದಿಂದ ಆಳೆತ್ತರಕ್ಕೆ ಏಳಬೇಕು. ಅವನ್ನು ಎತ್ತುವ ಪೆಟ್ಟಿಗೆ ನೇತ್ರಾವತಿಯ ಜಗಲಿಯಲ್ಲಿತ್ತು. ರಿಪೇರಿಗೆ ಬಂದ ಸುಮಿತ್ರಾ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಒಳಗೆ ಅಯಸ್ಕಾಂತಕ್ಕೆ ಕರೆಂಟು ಹರಿಸುವ ಆರು ಟ್ರಾನ್ಸಿಸ್ಟರುಗಳು. ಆರಕ್ಕೂ ಅಪ್ಪಣೆ ಕೊಡಲು ಒಂದೇ ಡ್ರೈವರ್ ಚಿಪ್. ಒಂದೇ ತಿಂಗಳಲ್ಲಿ ಪೆಟ್ಟಿಗೆ ಮೂರು ಸಲ ಕೆಟ್ಟಿತ್ತು; ಮೂರು ಸಲವೂ ಸುಟ್ಟದ್ದು ಡ್ರೈವರಿಗೆ ಹತ್ತಿರದ ಟ್ರಾನ್ಸಿಸ್ಟರೇ. ಹಿಂದೆ ರಿಪೇರಿಗೆ ಬಂದವರು ಅದೊಂದನ್ನೇ ಬದಲಿಸಿ ಹೋಗಿದ್ದರು. ಸುಮಿತ್ರಾ ಹೊಸದನ್ನು ಕೂರಿಸಿ, ಆರಕ್ಕೂ ಒಂದೇ ಅಳತೆಯ ತಂತಿ ಕತ್ತರಿಸಿ, ಕರೆಂಟನ್ನು ಹದಕ್ಕೆ ತಡೆಯುವ ರೆಸಿಸ್ಟರನ್ನು ಒಂದೊಂದಕ್ಕೂ ಒಂದರಂತೆ ಬೆಸೆಯುತ್ತಿದ್ದಳು.

“ಸುಟ್ಟದ್ದು ಬದಲಿಸಿದ್ರೆ ಸಾಕಿತ್ತಲ್ಲ ಮಾರಾಯ್ತಿ! ಇದೆಂತ, ಹೂವಿನ ದಂಡೆ ಕಟ್ತಿದ್ದೀಯ?” ಎಂದಳು ನೇತ್ರಾವತಿ. ಹೋದ ಸಲ ಪೆಟ್ಟಿಗೆ ಕೆಟ್ಟು ಮನೆಗಳು ಕೆಳಗೆ ಕುಸಿದು ಅಡುಗೆಮನೆಗೆ ನೀರು ನುಗ್ಗಿದ ಮೇಲೆ ಅವಳು ಅಕ್ಕಿ ಡಬ್ಬವನ್ನು ಅಟ್ಟಕ್ಕೇರಿಸಿದ್ದಳು.

“ಅಕ್ಕ, ದೋಣಿ ಎಳೆಯುವಾಗ ಕೂಗು ಹಾಕುವವ ಒಬ್ಬನೇ ಅಲ್ವಾ? ಹತ್ತಿರದವನು ಮೊದಲು ಕೇಳಿ ತಾನೊಬ್ಬನೇ ಎಳೆದ್ರೆ?”

“ಸೊಂಟ ಮುರೀತದೆ.”

“ಇಲ್ಲೂ ಅದೇ ಆದದ್ದು. ಇನ್ನು ಆರಕ್ಕೂ ಕೂಗು ಒಟ್ಟಿಗೇ ಕೇಳ್ತದೆ.”

ನೀರು ಮೆಟ್ಟಿಲು ಮುಟ್ಟಿತು. ಸುಮಿತ್ರಾ ಆರು ಬೆಸುಗೆಗಳನ್ನೂ ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ಸ್ವಿಚ್ ಒತ್ತಿದಳು. ಬೀದಿಯ ಮನೆಗಳೆಲ್ಲ ಮೆಲ್ಲಗೆ ಎದ್ದು ನಿಂತವು. ಸ್ವಲ್ಪ ಹೊತ್ತು ಬಿಟ್ಟು ಅವಳು ಆರೂ ಟ್ರಾನ್ಸಿಸ್ಟರುಗಳ ಮೇಲೆ ಅಂಗೈ ಹಿಡಿದಳು. ಆರೂ ಒಂದೇ ಹದದಲ್ಲಿ ಬೆಚ್ಚಗಿದ್ದವು.

ನೇತ್ರಾವತಿ ಬಗ್ಗಿ, ಮನೆಯ ಕೆಳಗೆ ಹರಿಯುವ ಕಡಲನ್ನು ನೋಡಿದಳು. ಒಳಗೆ ಹೋಗಿ ಅಟ್ಟದಿಂದ ಅಕ್ಕಿ ಡಬ್ಬ ಇಳಿಸಿದಳು.